ಎರೆಮಣ್ಣಿನ ಮೇಲೆ ಒಂದು ಶಾಲೆ

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಕೊಠಡಿಯ ಗೋಡೆಯಲ್ಲಿ ಒಂದು ಬಿರುಕಿತ್ತು. ಮಾರ್ಚ್‌ನಲ್ಲಿ ಅದರೊಳಗೆ ಸ್ಕೇಲಿನ ತುದಿ ಹೋಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಕಾಗದವೂ ತೂರುತ್ತಿರಲಿಲ್ಲ. ಗೌಂಡಿ ಕೆಲಸ ಮಾಡುವ ನಮ್ಮ ಅಬ್ಬಾ ಅವರನ್ನು ಕೇಳಿದೆ. "ಎರಿ ಬ್ಯಾಸಗ್ಯಾಗ ಬಾಯಿ ತೆರಿತೈತಿ, ಮಳಿಗಾಲದಾಗ ಮುಚ್ಚತೈತಿ. ಗ್ವಾಡಿ ಪಾಪ ಏನ್ ಮಾಡೀತು?" ಎಂದರು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಮುತ್ತ ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆಭೂಮಿ ಸಾಕಷ್ಟಿದೆ. ರೈತರಿಗೆ ಅದು ಭಾಗ್ಯ, ಕಟ್ಟುವವರಿಗೆ ತಲೆನೋವು. ಈಗ ಎಲ್ಲ ಕಡೆ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಮಾತು ನಡೆದಿದೆ. ರಾಜ್ಯ ಸರ್ಕಾರವೂ 2018-19ರಿಂದ ಇದೇ ಮಾದರಿಯಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಆರಂಭಿಸಿತು. ಇಂಥ ಆವರಣದ ಚಿತ್ರ ತೋರಿಸಿದರೆ ನಾವು ಗಾಜಿನ ಮುಂಭಾಗ ನೋಡಿ ಬೆರಗಾಗುತ್ತೇವೆ. ಕೇಳಬೇಕಾದದ್ದು ಪಾಯದ ಬಗ್ಗೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವಿದೆ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಇದನ್ನು ನಮ್ಮ ಪ್ರಯೋಗಾಲಯದಲ್ಲೇ ನೋಡಬಹುದು. ಒಣಗಿಸಿ, ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ಎರಡು ಅಳತೆ ಜಾಡಿಗಳಿಗೆ 10 ಗ್ರಾಂನಂತೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ., ನೀರಿನಲ್ಲಿ 18 ಮಿ.ಲೀ. ಬಂತೆನ್ನಿ, ಉಬ್ಬುವಿಕೆ ಶೇ. 80. ಶೇ. 50 ದಾಟಿದರೇ ಎಂಜಿನಿಯರರು ಎಚ್ಚರ ವಹಿಸುತ್ತಾರೆ.

ಕಟ್ಟಡ ಪೂರ್ತಿ ಒಂದೇ ಸಮ ಮೇಲೆದ್ದು ಇಳಿದರೆ ಅಷ್ಟು ತೊಂದರೆಯಿಲ್ಲ. ಆದರೆ ಒಂದು ಮೂಲೆ ಒದ್ದೆ, ಇನ್ನೊಂದು ಒಣ. ಗೋಡೆ ಸೀಳುವುದು ಹಾಗೆ. ಎರೆಯ ಪದರ ತೆಳುವಾಗಿದ್ದರೆ ಅದನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡುತ್ತಾರೆ. ಆಳವಾಗಿದ್ದರೆ ಕೆಳತುದಿಯಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಇಳಿಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನ ಇದು. ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಆಳ ಕನಿಷ್ಠ 3.5 ಮೀಟರ್, ಅಂದರೆ ತೇವ ಹೆಚ್ಚು ಬದಲಾಗದ ಮಣ್ಣಿನವರೆಗೆ. ಕಂಬಗಳ ಮೇಲಿನ ತೊಲೆ ನೆಲಕ್ಕೆ ತಾಗಬಾರದು, ಉಬ್ಬುವ ಮಣ್ಣಿಗೆ ಜಾಗ ಬಿಡಬೇಕು.

ಮುಂದಿನದು ನೀರು. 1000 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆಯಾದರೆ 10,000 ಲೀಟರ್. ಅದು ಗೋಡೆಯ ಬುಡದಲ್ಲಿ ಇಂಗಿದರೆ ಮೇಲಿನ ಖರ್ಚೆಲ್ಲ ವ್ಯರ್ಥ, ತೊಟ್ಟಿಗೆ ಹೋದರೆ ಬೇಸಿಗೆಗೆ ಆಸರೆ. ಗೋಡೆಗೆ ಹತ್ತಿ ಮರವನ್ನೂ ನೆಡಬಾರದು, ಬೇರು ನೀರು ಹೀರಿ ಆ ಮೂಲೆಯ ಮಣ್ಣನ್ನಷ್ಟೇ ಕುಗ್ಗಿಸುತ್ತದೆ. (ವನಮಹೋತ್ಸವದಲ್ಲಿ ಇದನ್ನು ಹೇಳಿ ಗೆಳೆಯರಿಂದ ಬೈಸಿಕೊಂಡಿದ್ದೇನೆ.)

ಬಿಸಿಲಿನ ಲೆಕ್ಕ ಸುಲಭ. ಕೊಠಡಿಯ ಉದ್ದನೆಯ ಗೋಡೆಗಳು ಉತ್ತರ, ದಕ್ಷಿಣಕ್ಕೆ ಮುಖ ಮಾಡಿದರೆ ಸಜ್ಜಾ ಸಾಕು. ಪಶ್ಚಿಮದ ಇಳಿಬಿಸಿಲನ್ನು ಸಜ್ಜಾ ತಡೆಯದು.

ಆರು ವರ್ಷದ ಮಗುವೂ ಹದಿನೆಂಟರ ನಾವೂ ಒಂದೇ ಮೆಟ್ಟಿಲು ಹತ್ತುವ ಜಾಗ ಇದು. ಆದ್ದರಿಂದ ಮೆಟ್ಟಿಲಿನ ಎತ್ತರ 150 ಮಿ.ಮೀ. ಮೀರಬಾರದು, ಚಿಕ್ಕವರ ತರಗತಿ ನೆಲಮಹಡಿಯಲ್ಲೇ ಇರಬೇಕು. ಗಾಲಿಕುರ್ಚಿಯ ಇಳಿಜಾರು 1:12. ಪಾಯಕಟ್ಟು 60 ಸೆಂ.ಮೀ. ಎತ್ತರವಿದ್ದರೆ 7.2 ಮೀಟರ್ ಉದ್ದ ಬೇಕು. ನಕ್ಷೆಯಲ್ಲೇ ಬಿಡದಿದ್ದರೆ ಆಮೇಲೆ ಅಷ್ಟು ಜಾಗ ಸಿಗುವುದಿಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ, ಒಂದೇ ಕಟ್ಟಡದಲ್ಲಿ ಹಲವು ಶಾಲೆಗಳು ನಡೆಯುತ್ತಿದ್ದಲ್ಲಿ, ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಇಳಿಯಲು ಇದ್ದ ಮೆಟ್ಟಿಲು ಕಿರಿದಾಗಿತ್ತು. ಅಡುಗೆಮನೆ ತರಗತಿಗಳಿಂದ ದೂರ, ಪ್ರತಿ ಮಹಡಿಗೂ ಎರಡು ದಾರಿ, ಶಾಲೆ ನಡೆಯುವಾಗ ಎರಡಕ್ಕೂ ಬೀಗವಿಲ್ಲ: ಯಾವ ಹೊಸ ಆವರಣಕ್ಕೆ ಹೋದರೂ ನಾನು ಈಗ ಮೊದಲು ನೋಡುವುದು ಇವನ್ನು. ಆಮೇಲೆ ಗೋಡೆಯ ಬುಡ.