ಹಲಸೂರಿನ ವಠಾರ ಮಾರುವ ಮುಂಚೆ

ನೋಡಪ್ಪ, ಹಲಸೂರಿನ ವಠಾರ ಮಾರಿ ಹೊಸಕೋಟೆಯ ಆಚೆ ಸೈಟು ತಗೊಳ್ಳುತ್ತೇನೆ ಅಂತ ನಿನ್ನ ದೊಡ್ಡಮ್ಮನ ಹತ್ತಿರ ಹೇಳಿದೆಯಂತೆ. ಬೇಡ ಅನ್ನುವ ಅಧಿಕಾರ ನನಗಿಲ್ಲ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಹಿರಿಯನ ನಾಲ್ಕು ಮಾತು ಕೇಳಿಸಿಕೋ.

ಊರು ಆಚೆಗೆ ಬೆಳೆಯುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಗಾಳಿ ಬೆಳಕಿಲ್ಲದ ಕಿಷ್ಕಿಂಧೆಯಂಥ ಓಣಿಗಳಲ್ಲಿ ಜನ ಸಾಲಾಗಿ ಸತ್ತರು. ಆ ಪೆಟ್ಟು ತಿಂದ ಮೇಲೆಯೇ ದಂಡಿನ (ಕಂಟೋನ್ಮೆಂಟ್) ಕಡೆ ಫ್ರೇಜರ್ ಟೌನ್ ಎದ್ದಿತು, ಪೇಟೆಯವರಿಗೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಲ್ಲಿ ಮೊದಲು ಬೀದಿ, ಚರಂಡಿ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಗುರುತು ಮಾಡಿದರು, ಆಮೇಲೆ ಮನೆ ಕಟ್ಟಿದರು. ಇಂದಿರಾನಗರದಲ್ಲೂ ರಸ್ತೆ, ಪಾರ್ಕು ಬಿಟ್ಟ ಮೇಲೆಯೇ ಸೈಟು ಹಂಚಿದ್ದು.

ನೀನು ನೋಡಿ ಬಂದ, ಹೊಲವನ್ನು ಹಾಗೇ ಸೈಟು ಮಾಡಿದ ರೆವಿನ್ಯೂ ಲೇಔಟುಗಳಲ್ಲಿ ಎಲ್ಲವೂ ತಿರುವುಮುರುವು. ಮನೆ ಮೊದಲು, ನೀರು ದೇವರಿಚ್ಛೆ. ಕೆ.ಆರ್. ಪುರ, ಮಹದೇವಪುರ ನಗರಸಭೆಗಳ ಜೊತೆಗೆ 110 ಹಳ್ಳಿಗಳು ಬೆಂಗಳೂರಿಗೆ ಸೇರಿದ್ದು 2007ರಲ್ಲಿ. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಕಳೆದದ್ದು 17 ವರ್ಷ. ಅದೇ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಇಷ್ಟೇ ದರ ಅಂತ ಸರ್ಕಾರ ನಿಗದಿ ಮಾಡಬೇಕಾಯಿತು. ನಿನ್ನ ಸೈಟು ಆ 110 ಹಳ್ಳಿಗಳ ಪಟ್ಟಿಯಲ್ಲೂ ಇಲ್ಲ. ನೀರು ಇನ್ನೂ ಎಷ್ಟು ವರ್ಷಕ್ಕೆ ಬಂದೀತು, ನೀನೇ ಲೆಕ್ಕ ಹಾಕು. ಇನ್ನು ಹೊರಮಾವಿನ ಸಾಯಿ ಲೇಔಟ್ ನೋಡು. ರಾಜಕಾಲುವೆಯ ಪಕ್ಕದ ತಗ್ಗು ಜಾಗ, ಜೋರು ಮಳೆ ಬಂದರೆ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬರಬೇಕು. ಆ ಮನೆಗಳಿಗೆ ಸಾಲದ ಕಂತು ಕಟ್ಟುತ್ತಿರುವವರೂ ನಿನ್ನ ವಯಸ್ಸಿನವರೇ.

ಹಲಸೂರಿನಲ್ಲಿ ನಲ್ಲಿಗೆ ಕಾವೇರಿ ಬರುತ್ತದೆ, ಬೀದಿಯಲ್ಲಿ ಒಳಚರಂಡಿ ಇದೆ. 2011ರಿಂದ ಮೆಟ್ರೊ ಇದೆ. 2023ರಲ್ಲಿ ಬೈಯಪ್ಪನಹಳ್ಳಿ, ಕೆ.ಆರ್. ಪುರದ ನಡುವಿನ ತುಂಡು ಸೇರಿದ ಮೇಲೆ ನಿನ್ನ ಹೆಂಡತಿ ಮೆಟ್ರೊದ ನೇರಳೆ ಮಾರ್ಗದಲ್ಲಿ ಹತ್ತಿದರೆ ವೈಟ್‌ಫೀಲ್ಡಿನಲ್ಲೇ ಇಳಿಯಬಹುದು. ಹೊಸಕೋಟೆಯಿಂದ ಎಂ.ಜಿ. ರಸ್ತೆಯ ಕೆಲಸಕ್ಕೆ ಬರಬೇಕಾದರೆ ನೀನು ದಿನಾ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ ದಾಟಬೇಕು. ಸಾಯಂಕಾಲ ಆರು ಗಂಟೆಗೆ ಒಂದು ಸಲ ಅಲ್ಲಿ ನಿಂತು ನೋಡು, ಆಮೇಲೆ ಮಾತಾಡೋಣ.

ಹಾಗಾದರೆ ಏನು ಮಾಡಬೇಕು? ವಠಾರವನ್ನೇ ಕೆಡವಿ ಕಟ್ಟು. ತೊಲೆಗೆ ಗೆದ್ದಲು ಹಿಡಿದಿದೆ, ಮಳೆಗಾಲದಲ್ಲಿ ತಾರಸಿ ಸೋರುತ್ತದೆ, ಇದ್ದಂತೆಯೇ ಇರಲಿ ಅನ್ನುವುದು ಬರೀ ಹಠ. ಅಂಗಳದ ಸುತ್ತ ಆರು ಬಿಡಾರ ಇರುವ ಜಾಗದಲ್ಲಿ ಕಾನೂನಿನೊಳಗೇ ಎಂಟು ಹತ್ತು ಸಂಸಾರ ನೆಮ್ಮದಿಯಾಗಿ ಇರಬಹುದು. ಊರೊಳಗೆ ಹೀಗೆ ಒಂದೊಂದು ಹಳೇ ಜಾಗ ಸರಿಯಾಗಿ ತುಂಬಿದರೆ, ಆಚೆ ಅಷ್ಟು ಹೊಲ, ಅಷ್ಟು ಕೆರೆಯಂಗಳ ಉಳಿಯುತ್ತದೆ.

ಊರೊಳಗೇ ಇನ್ನಷ್ಟು ಸಂಸಾರ ತುಂಬಬೇಕು ಅಂದರೆ ಪಕ್ಕದ ಇಂದಿರಾನಗರದ ನಿವಾಸಿಗಳು ಸಿಟ್ಟಾಗಬಹುದು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನೂರಡಿ ರಸ್ತೆ, ಹನ್ನೆರಡನೇ ಮೇನ್‌ನಲ್ಲಿ ಮನೆಗಳೆಲ್ಲ ಅಂಗಡಿ, ಪಬ್ಬು ಆಗಿ ರಾತ್ರಿ ನಿದ್ದೆ ಹೋಯಿತು. ಆದರೆ ಪಕ್ಕದಲ್ಲಿ ಪಬ್ಬು ಬರುವುದೂ ನಾಲ್ಕು ಸಂಸಾರ ಬರುವುದೂ ಒಂದೇ ಅಲ್ಲ. ಅವರು ಮೊದಲನೆಯದಕ್ಕೆ ಅಡ್ಡ ನಿಲ್ಲಲಿ, ಎರಡನೆಯದಕ್ಕೆ ಜಾಗ ಬಿಡಲಿ.

ಕಟ್ಟುವಾಗ ಮಾತ್ರ ಆಸೆಗೆ ಬೀಳಬೇಡ. ನಕ್ಷೆಯಲ್ಲಿ ಮೂರು ಅಂತಸ್ತು ತೋರಿಸಿ ಐದು ಎಬ್ಬಿಸೋಣ, ಆಮೇಲೆ ಸಕ್ರಮ ಮಾಡಿಸೋಣ ಅಂತ ಮೇಸ್ತ್ರಿ ಹೇಳುತ್ತಾನೆ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಎಬ್ಬಿಸಿದ ಕಟ್ಟಡ ಕುಸಿದು ಕೂಲಿ ಮಾಡುತ್ತಿದ್ದ ಜನ ಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ, ಓಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ ಸುಪ್ರೀಂ ಕೋರ್ಟೂ ಹೇಳಿತು. ಸುತ್ತ ಬಿಡಬೇಕಾದ ಸೆಟ್‌ಬ್ಯಾಕನ್ನು ಒಂದು ಗೇಣೂ ಕಡಿಮೆ ಮಾಡದೆ ಬಿಡು. ಪಕ್ಕದ ಮನೆಯ ಅಡುಗೆಮನೆ ಕಿಟಕಿ ನಮ್ಮ ಗೋಡೆಯ ಕಡೆಗೇ ತೆರೆಯುತ್ತದೆ. ಆ ಮನೆಯ ತಾಯಿ ಬೆಳಿಗ್ಗೆ ಅಲ್ಲೇ ನಿಂತು ಅಕ್ಕಿ ಆರಿಸುತ್ತಾರೆ. ನಿನ್ನ ಬಾಲ್ಕನಿ ಆ ಬೆಳಕನ್ನು ತಿನ್ನಬಾರದು. ಬಿಲ್ಡರ್ ಜೊತೆ ಜೆಡಿ (ಜಂಟಿ ಅಭಿವೃದ್ಧಿ ಒಪ್ಪಂದ) ಮಾಡಿಕೊಂಡರೆ, ಮಂಜೂರಾದ ನಕ್ಷೆ ಕೈಗೆ ಬರುವ ತನಕ ಮನೆ ಖಾಲಿ ಮಾಡಬೇಡ, ಓಸಿ ತರುವ ಹೊಣೆ ಅವನದೇ ಅಂತ ಕರಾರಿನಲ್ಲಿ ಬರೆಸು. ಮಳೆನೀರು ಹಿಡಿಯುವ ಸಂಪನ್ನು ಪಾಯದ ಜೊತೆಗೇ ತೋಡಿಸು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಾಡಿಗೆದಾರರು. ಕೊನೆಯ ಬಿಡಾರದ ಟೈಲರ್ ನಿನ್ನ ಅಪ್ಪನ ಕಾಲದಿಂದ ಅಲ್ಲೇ ಇದ್ದಾರೆ. ಅವರ ಗಿರಾಕಿಗಳೆಲ್ಲ ಹಲಸೂರು, ಶಿವಾಜಿನಗರದವರು. ಕೆ.ಆರ್. ಪುರದ ಆಚೆಗೆ ಹೋದರೆ ಮಿಷನ್ನು ಹೋಗುತ್ತದೆ, ಗಿರಾಕಿ ಹೋಗುವುದಿಲ್ಲ. ಊರೊಳಗೆ ಕಟ್ಟುತ್ತೇವೆ ಅಂತ ಬಡವರನ್ನು ಊರಾಚೆ ದಬ್ಬಿದರೆ ಮಾಡಿದ ಕೆಲಸಕ್ಕೆ ಅರ್ಥವಿಲ್ಲ. ಹೊಸ ಕಟ್ಟಡದಲ್ಲಿ ಎರಡು ಚಿಕ್ಕ ಮನೆ ಈ ಬಾಡಿಗೆದಾರರಿಗೇ, ಅವರ ಕೈಗೆಟುಕುವ ಬಾಡಿಗೆಗೆ ಅಂತ ಈಗಲೇ ಮಾತು ಕೊಡು. ಕಟ್ಟುವಷ್ಟು ತಿಂಗಳು ಅವರಿಗೆ ಹತ್ತಿರದಲ್ಲೇ ಒಂದು ಜಾಗ ಹುಡುಕಿಕೊಡುವುದೂ ನಿನ್ನ ಜವಾಬ್ದಾರಿ, ಬೇಕಾದರೆ ನಾನೂ ಜೊತೆಗೆ ಓಡಾಡುತ್ತೇನೆ.

ಈ ಭಾನುವಾರ ನಿನ್ನ ತಂಗಿಯನ್ನೂ ಕರೆಸು. ಜಾಗದಲ್ಲಿ ಅವಳ ಪಾಲೂ ಇದೆ, ಅವಳು ಒಪ್ಪದೆ ಒಂದು ಇಟ್ಟಿಗೆಯೂ ಅಲುಗಾಡಬಾರದು. ಕ್ರಯಪತ್ರ, ಖಾತೆ, ತೆರಿಗೆ ರಸೀದಿ ತೆಗೆದಿಡು. ಅಳತೆಗೆ ಇಂಜಿನಿಯರನ್ನು ನಾನು ಕರೆತರುತ್ತೇನೆ.