ಹೊಂಬಣ್ಣದ ಮಣಿ ಎಷ್ಟು ದಿನ ಬಾಳುತ್ತದೆ?

ಜುಗೂಳದ ಸಹೋದರಿಗೆ,

ನೀವು ಪೋಣಿಸಿ ಮಾರಿದ ಸರದ ಹೊಂಬಣ್ಣದ ಗಾಜಿನ ಮಣಿಗಳು ಇಷ್ಟು ಬೇಗ ಬಿಳಚಿದ್ದು ನಿಮ್ಮ ಕೈಕೆಲಸದ ದೋಷವಲ್ಲ. ಆ ಹೊಳಪು ಗಾಜಿನದಲ್ಲ, ಮೇಲೆ ಬಳಿದ ಬಣ್ಣದ್ದು. ಬೆವರು, ಅತ್ತರು, ದಾರದ ತಿಕ್ಕಾಟಕ್ಕೆ ಅದು ಮೊದಲು ತೂತಿನ ಅಂಚಿನಲ್ಲೇ ಸುಲಿಯುತ್ತದೆ. ಗಿರಾಕಿಯಿಂದ ವಾಪಸು ಬಂದ ಸರವನ್ನು ಬೆಳಕಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಉತ್ತರ ಪ್ರದೇಶದ ಪುರ್ದಿಲ್‌ನಗರದ ಕೈಮಣಿಯಾಗಲಿ, ಬೇರೆ ಊರಿನದಾಗಲಿ, ಕೊಳ್ಳುವ ಮುನ್ನ ಹೊಳಪನ್ನು ಬೆಂಕಿಯಲ್ಲಿ ಕಾಸಿದ್ದಾರೆಯೇ ಎಂದು ಕೇಳಿ. ಚಿನ್ನದ ದ್ರಾವಣ ಬಳಿದು ಸುಮಾರು 550 ಡಿಗ್ರಿಯಲ್ಲಿ ಕಾಸಿದರೆ ಪೊರೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ಆದರೂ ಸದಾ ಉಜ್ಜಿದರೆ ಸವೆಯುವುದೇ. ಬೆಳ್ಳಿ ಬೆರೆತ ಗಾಜನ್ನು ಆಮ್ಲಜನಕ ಕಡಿಮೆ ಇರುವ ಜ್ವಾಲೆಗೆ ಹಿಡಿದಾಗ ಬೆಳ್ಳಿ ತಾನಾಗಿ ಮೇಲೆ ಬಂದು ಮಿನುಗುತ್ತದೆ. ಬಾಳಿಕೆಗೆ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಪ್ಪಾಯಿತೆಂದು ಇದನ್ನು ಹುಣಸೆಹಣ್ಣಿನಿಂದ ಮಾತ್ರ ತಿಕ್ಕಬೇಡಿ.

ಮಾರುವವರ ಮಾತು ನಿಜವೇ ಎಂದು ತಿಳಿಯಲು, ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಒಂದು ಮಣಿ ಒರೆಸಿ. ಬಣ್ಣ ಬಿಟ್ಟರೆ ಆ ಮಾಲು ಬೇಡವೇ ಬೇಡ. ಬಿಡದಿದ್ದರೆ ಇನ್ನೊಂದನ್ನು ಒರಟು ಬಟ್ಟೆಯ ಮೇಲೆ ಚೆನ್ನಾಗಿ ಉಜ್ಜಿ ನೋಡಿ.

ಇನ್ನು ತಾಳಿಸರದ ಮಾತು ಬೇರೆ, ಅದು ಹಗಲಿರುಳೂ ಮೈಮೇಲಿರುತ್ತದೆ. ಅದಕ್ಕೆ ಲೇಪವಿಲ್ಲದ ಅಪ್ಪಟ ಕರಿಮಣಿಯನ್ನೇ ಪೋಣಿಸಿ.