ಮುಚ್ಚಳ ತೇಲಲಿ, ಬಾಟಲಿ ಮುಳುಗಲಿ

ಹಣ್ಣಿನ ರಸವೋ ಗಾಣದ ಎಣ್ಣೆಯೋ, ಸ್ವಂತ ಹೆಸರಿನಲ್ಲಿ ಮಾರಲು ಹೊರಟಿದ್ದೀರಾ? ಬಾಟಲಿ ಆರಿಸುವ ಮುನ್ನ ಹತ್ತಿರದ ಗುಜರಿ ಅಂಗಡಿಗೊಮ್ಮೆ ಹೋಗಿ ಬನ್ನಿ. ಬಣ್ಣವಿಲ್ಲದ ಪೆಟ್ ಬಾಟಲಿಗೇ ಅಲ್ಲಿ ಮರ್ಯಾದೆ. ಬಣ್ಣದ್ದನ್ನು ಕರಗಿಸಿದರೆ ಮತ್ತೆ ತಿಳಿಯಾಗುವುದಿಲ್ಲವಲ್ಲ! ಸ್ಪ್ರೈಟ್‌ನಂಥ ಸ್ಪ್ರೈಟೇ 2022ರಲ್ಲಿ ಅಮೆರಿಕದಲ್ಲಿ ತನ್ನ ಹಸಿರು ಬಾಟಲಿಯ ಗುರುತು ಬಿಟ್ಟುಕೊಟ್ಟಿತು.

ಹೆಚ್ಚಿನವರು ಎಡವುವುದು ಲೇಬಲ್‌ನಲ್ಲಿ. ಮರುಬಳಕೆ ಘಟಕದಲ್ಲಿ ಬಾಟಲಿಯನ್ನು ಚೂರು ಮಾಡಿ ನೀರಿಗೆ ಹಾಕುತ್ತಾರೆ. ಪೆಟ್ ಮುಳುಗುತ್ತದೆ, ಪಾಲಿಪ್ರೊಪಿಲೀನ್‌ನ ಮುಚ್ಚಳ, ಲೇಬಲ್ ತೇಲುತ್ತವೆ. ಬಿತ್ತನೆ ಬತ್ತವನ್ನು ನೀರಿಗೆ ಹಾಕಿದಾಗ ಜೊಳ್ಳು ಮೇಲೆ ಬರುವ ಹಾಗೆ. ಆದರೆ ಬಾಟಲಿಯ ಮೈಗೆ ಬಿಗಿಯಾಗಿ ಅಂಟಿ ಕೂರುವ ಪಿವಿಸಿ ಹೊದಿಕೆ ಇದೆಯಲ್ಲ, ಅದು ಪೆಟ್ ಜೊತೆಗೇ ಮುಳುಗುತ್ತದೆ. ಚೂರೇ ಚೂರು ಬೆರೆತರೂ ಸಾಕು, ಕರಗಿಸುವ ಬಿಸಿಗೆ ಆಮ್ಲ ಬಿಟ್ಟು ಪೆಟ್ಟನ್ನೆಲ್ಲ ಹಳದಿಗಟ್ಟಿಸುತ್ತದೆ.

ಪ್ಯಾಕಿಂಗ್ ಸಾಮಾನಿನವರು ಮೊದಲು ತೋರಿಸುವುದೇ ಅದನ್ನು, “ನೋಡಿ ಸಾರ್, ಹೇಗೆ ಮಿಂಚುತ್ತೆ!” ಮಿಂಚುವುದು ನಿಜವೇ. ನೀವು ಮಾತ್ರ ಪಾಲಿಪ್ರೊಪಿಲೀನ್ ಲೇಬಲ್ಲನ್ನೂ ತೊಳೆದರೆ ಬಿಡುವ ಅಂಟನ್ನೂ ಕೇಳಿ. ಇಲ್ಲವೆಂದರೆ ಪಕ್ಕದ ಅಂಗಡಿ ಇದ್ದೇ ಇದೆ.